ಟಿಂಬಕ್ಟು ಯಾರಿಗೆ ದೂರ?

ಇಂಗ್ಲಿಷ್ ಮಾತನಾಡುವವರು ಒಂದು ಜಾಗ ಎಲ್ಲೋ ಲೋಕದ ಆಚೆಗಿದೆ ಎನ್ನಬೇಕಾದಾಗ ಟಿಂಬಕ್ಟು ಎಂದುಬಿಡುತ್ತಾರೆ. ‘ಇಲ್ಲಿಂದ ಟಿಂಬಕ್ಟುವರೆಗೆ’ ಎಂದರೆ ಭೂಮಿಯ ಆ ತುದಿಯವರೆಗೆ ಎಂದೇ ಅರ್ಥ. 1970ರಲ್ಲಿ ತೆರೆಕಂಡ ಡಿಸ್ನಿಯ ‘ದಿ ಅರಿಸ್ಟೊಕ್ಯಾಟ್ಸ್’ ಚಿತ್ರದಲ್ಲಿ ಬೆಕ್ಕುಗಳ ಪಾಲಿನ ಆಸ್ತಿಗೆ ಆಸೆಪಟ್ಟ ಬಟ್ಲರ್ ಅವನ್ನು ಟ್ರಂಕಿನಲ್ಲಿ ತುಂಬಿ ಸಾಗಹಾಕಲು ಹೊರಡುವುದೂ ಟಿಂಬಕ್ಟುವಿಗೇ. ಅಂಥದೊಂದು ಊರು ನಿಜವಾಗಿಯೂ ಇದೆ ಎಂಬುದೇ ಈ ಹೆಸರನ್ನು ಬಳಸುವ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಇದೆ. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ನೈಜರ್ ನದಿ ಉತ್ತರಕ್ಕೆ ಬಾಗಿ ಸಹಾರಾ ಮರಳಿನ ಸಮೀಪಕ್ಕೆ ಬರುವ ಕಡೆ.

ದೋಣಿಯ ಸರಕು ಒಂಟೆಯ ಬೆನ್ನಿಗೇರುತ್ತಿದ್ದುದು ಇಲ್ಲಿ. ದಕ್ಷಿಣದಿಂದ ಚಿನ್ನ, ಧಾನ್ಯ ಮತ್ತು ಕೋಲಾ ಕಾಯಿ ಬರುತ್ತಿದ್ದವು. ಗುಲಾಮರನ್ನೂ ತಂದು ಮಾರುತ್ತಿದ್ದರು. ಉತ್ತರದಿಂದ ಬರುತ್ತಿದ್ದುದು ಬಟ್ಟೆ, ಪುಸ್ತಕ ಮತ್ತು ಮುಖ್ಯವಾಗಿ ಉಪ್ಪು. ತೌದೆನ್ನಿಯ ಗಣಿಗಳಲ್ಲಿ ಉಪ್ಪನ್ನು ಚಪ್ಪಡಿ ಕಲ್ಲಿನಂತೆ ಕಡಿದು ತೆಗೆಯುತ್ತಾರೆ. ಒಂದೊಂದು ಚಪ್ಪಡಿಯ ತೂಕ ಮೂವತ್ತು ಕಿಲೋಗೂ ಹೆಚ್ಚು. ಒಂದು ಒಂಟೆಗೆ ನಾಲ್ಕರಂತೆ, ಈ ಪಕ್ಕ ಎರಡು ಆ ಪಕ್ಕ ಎರಡು ಕಟ್ಟಿಕೊಂಡು, ವಾರಗಟ್ಟಲೆ ಮರಳಿನಲ್ಲಿ ನಡೆದು ಟಿಂಬಕ್ಟು ತಲುಪಬೇಕು. ಲಾರಿಗಳು ಬಂದ ಮೇಲೂ ಈ ಒಂಟೆಸಾಲು ಪೂರ್ತಿ ನಿಂತುಹೋಗಲಿಲ್ಲ.

1324ರಲ್ಲಿ ಮಾಲಿಯ ದೊರೆ ಮಾನ್ಸಾ ಮೂಸಾ ಮೆಕ್ಕಾ ಯಾತ್ರೆಗೆ ಹೊರಟವನು ಕೈರೋದಲ್ಲಿ ಚಿನ್ನವನ್ನು ಎಷ್ಟು ಧಾರಾಳವಾಗಿ ಹಂಚಿದನೆಂದರೆ, ಅಲ್ಲಿ ಅದರ ಬೆಲೆಯೇ ಕುಸಿಯಿತು. 1375ರ ಕ್ಯಾಟಲಾನ್ ಭೂಪಟದಲ್ಲಿ ಕೈಯಲ್ಲಿ ಚಿನ್ನದ ಉಂಡೆ ಹಿಡಿದು ಕುಳಿತ ದೊರೆ ಅವನೇ. ಹದಿನಾರನೇ ಶತಮಾನದ ಆರಂಭದಲ್ಲಿ ಊರನ್ನು ಕಂಡ ಲಿಯೋ ಆಫ್ರಿಕಾನಸ್, ಇಲ್ಲಿ ಬೇರೆಲ್ಲ ಸರಕಿಗಿಂತ ಹೆಚ್ಚು ಲಾಭ ತರುವುದು ಪುಸ್ತಕಗಳು ಎಂದು ಬರೆದ. ಯುರೋಪಿನವರ ಕಿವಿಗೆ ಬಿದ್ದದ್ದು ಚಿನ್ನದ ಸುದ್ದಿ ಮಾತ್ರ.

ಆ ಚಿನ್ನದ ಊರನ್ನು ಕಣ್ಣಾರೆ ಕಾಣುವ ಹಂಬಲ ಹತ್ತೊಂಬತ್ತನೇ ಶತಮಾನದಲ್ಲಿ ಹುಚ್ಚಾಗಿ ಬೆಳೆಯಿತು. ಹೋಗಿ ಜೀವಂತ ಮರಳಿದವನಿಗೆ ಪ್ಯಾರಿಸ್ಸಿನ ಭೂಗೋಳ ಸಂಘ 10,000 ಫ್ರಾಂಕ್ ಬಹುಮಾನ ಸಾರಿತು. ಸ್ಕಾಟ್ಲೆಂಡಿನ ಮೇಜರ್ ಲೇಂಗ್ 1826ರಲ್ಲಿ ಊರು ಸೇರಿದ, ಮರಳುವ ದಾರಿಯಲ್ಲಿ ಕೊಲೆಯಾದ. 1828ರಲ್ಲಿ ಫ್ರಾನ್ಸಿನ ರೆನೆ ಕಾಯೆ, ತವರಿಗೆ ಮರಳುತ್ತಿರುವ ಈಜಿಪ್ಟಿನ ಮುಸ್ಲಿಮನಂತೆ ವೇಷ ಹಾಕಿ ಒಳಹೊಕ್ಕ. ಕಂಡದ್ದು ಮಣ್ಣಿನ ಮನೆಗಳು, ಸುತ್ತ ಮರಳು. ಎರಡು ವಾರ ಇದ್ದು, ಒಂಟೆಸಾಲಿನೊಂದಿಗೆ ಸಹಾರಾ ದಾಟಿ ಮೊರಾಕ್ಕೊ ಸೇರಿ, ಬಹುಮಾನ ಪಡೆದ. ಅವನ ಮಾತನ್ನು ಇಂಗ್ಲಿಷರು ಸುಲಭಕ್ಕೆ ನಂಬಲಿಲ್ಲ. 1829ರಲ್ಲಿ ತರುಣ ಟೆನ್ನಿಸನ್‌ಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಚಿನ್ನದ ಪದಕ ತಂದ ಕವಿತೆಯ ಹೆಸರೂ ‘ಟಿಂಬಕ್ಟೂ’. ಊರನ್ನು ಕಾಣದವರ ಬಾಯಲ್ಲಿ ಹೆಸರು ಹೀಗೆ ಬೇರೆಯೇ ಜೀವ ತಳೆಯಿತು.

ಇಂಗ್ಲಿಷಿನ ಈ ಬಳಕೆ ಲಂಡನ್ನಿನಲ್ಲಿ ನಿಂತು ಅಳೆದ ದೂರ. ಮೊರಾಕ್ಕೊದ ವರ್ತಕನಿಗೆ, ಕೈರೋದ ಪಂಡಿತನಿಗೆ ಟಿಂಬಕ್ಟು ವ್ಯವಹಾರವಿದ್ದ, ಪರಿಚಯವಿದ್ದ ಊರು. ಸಂಕೋರೆ ಮಸೀದಿಯ ಸುತ್ತ ಗುರುಗಳ ಮನೆಗಳಲ್ಲೇ ಕಾನೂನು, ವ್ಯಾಕರಣ, ಖಗೋಳದ ಪಾಠ ನಡೆಯುತ್ತಿತ್ತು. ಆ ಪರಂಪರೆಯ ದೊಡ್ಡ ವಿದ್ವಾಂಸ ಅಹ್ಮದ್ ಬಾಬಾ. 1591ರಲ್ಲಿ ಮೊರಾಕ್ಕೊದ ಸೇನೆ ಊರನ್ನು ಗೆದ್ದುಕೊಂಡಿತು. ಕೆಲ ವರ್ಷಗಳಲ್ಲೇ ಅವನನ್ನು ಸೆರೆಹಿಡಿದು ಮರ್ರಾಕೇಶಿಗೆ ಒಯ್ದರು. ತನ್ನಿಂದ ಕಿತ್ತುಕೊಂಡ ಪುಸ್ತಕಗಳು 1,600, ತನ್ನ ಬಂಧುಗಳಲ್ಲಿ ಎಲ್ಲರಿಗಿಂತ ಚಿಕ್ಕ ಸಂಗ್ರಹ ತನ್ನದೇ ಆಗಿತ್ತು ಎಂದು ಅವನು ಅಲ್ಲಿ ದೂರಿಕೊಂಡ.

ಇಂಥ ಮನೆ ಸಂಗ್ರಹಗಳು ಇಂದಿಗೂ ಉಳಿದುಬಂದಿವೆ. ಹೊಲಿಗೆಯಿಲ್ಲದ ಬಿಡಿ ಹಾಳೆಗಳು, ಮೇಲೆ ಚರ್ಮದ ಹೊದಿಕೆ, ಅಂಚಿನಲ್ಲಿ ತಲೆಮಾರುಗಳ ಟಿಪ್ಪಣಿ. 2012ರಲ್ಲಿ ಉಗ್ರರು ಊರನ್ನು ಹಿಡಿದಾಗ ಅಬ್ದೆಲ್ ಕಾದರ್ ಹೈದರಾ ಮತ್ತು ಸಂಗಡಿಗರು ಹಸ್ತಪ್ರತಿಗಳನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ, ಕಾರಿನಲ್ಲಿ, ದೋಣಿಯಲ್ಲಿ ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಉಗ್ರರು ಸಂತರ ಗೋರಿಗಳನ್ನು ಗುದ್ದಲಿ ಹಿಡಿದು ಕೆಡವಿದರು. ಆ ಧ್ವಂಸದ ಹೊಣೆಗಾರರಲ್ಲಿ ಒಬ್ಬನಿಗೆ 2016ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಸೆರೆ ವಿಧಿಸಿತು. ಅಷ್ಟರೊಳಗೇ ಊರಿನ ಗಾರೆಯವರು ಹಳೆಯ ಪದ್ಧತಿಯಲ್ಲೇ ಮಣ್ಣು ಕಲಸಿ ಗೋರಿಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು.