ಅರಿವಳಿಕೆ ತಜ್ಞರು: ವಿದ್ಯಾರ್ಹತೆ, ನೋಂದಣಿ ಮತ್ತು ಸರ್ಕಾರಿ ಆರೋಗ್ಯ ವಿಮೆ

ಶಸ್ತ್ರಚಿಕಿತ್ಸೆಗೆ ದಾಖಲಾಗುವ ರೋಗಿಗೆ ಶಸ್ತ್ರಚಿಕಿತ್ಸಕರ ಹೆಸರು ತಿಳಿದಿರುತ್ತದೆ. ಆದರೆ ಪ್ರಜ್ಞೆಯನ್ನಾಗಲೀ ನೋವಿನ ಅರಿವನ್ನಾಗಲೀ ತಾತ್ಕಾಲಿಕವಾಗಿ ಇಲ್ಲವಾಗಿಸಿ, ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಉಸಿರಾಟ, ನಾಡಿಬಡಿತ, ರಕ್ತದೊತ್ತಡಗಳನ್ನು ಕಾಯುವ ವೈದ್ಯರ ಹೆಸರು ಬಹುಪಾಲು ರೋಗಿಗಳಿಗೆ ತಿಳಿಯುವುದೇ ಇಲ್ಲ. ಇವರೇ ಅರಿವಳಿಕೆ ತಜ್ಞರು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ನಡೆಸಿದ ಸಾರ್ವಜನಿಕ ಪ್ರಾತ್ಯಕ್ಷಿಕೆಯ ನೆನಪಿಗಾಗಿ ಪ್ರತಿವರ್ಷ ಆ ದಿನವನ್ನು ವಿಶ್ವ ಅರಿವಳಿಕೆ ದಿನವೆಂದು ಆಚರಿಸಲಾಗುತ್ತದೆ.

ಈ ವೈದ್ಯರ ಅರ್ಹತೆಯನ್ನು ದೃಢಪಡಿಸುವ ವ್ಯವಸ್ಥೆ ಒಂದು. ಅವರ ಸೇವೆಗೆ ಸರ್ಕಾರಿ ಯೋಜನೆ ಹಣ ನೀಡುವ ವ್ಯವಸ್ಥೆ ಇನ್ನೊಂದು. ಎರಡೂ ಬೇರೆ ಬೇರೆ ಎಂಬುದನ್ನು ರೋಗಿಯ ಕಡೆಯವರು ಅರಿತಿರುವುದು ಅಗತ್ಯ.

ವಿದ್ಯಾರ್ಹತೆ

ಅರಿವಳಿಕೆ ತಜ್ಞರು ಮೊದಲಿಗೆ ಎಂಬಿಬಿಎಸ್ ಪದವೀಧರರು. ನಾಲ್ಕೂವರೆ ವರ್ಷಗಳ ವ್ಯಾಸಂಗ ಹಾಗೂ ಒಂದು ವರ್ಷದ ಇಂಟರ್ನ್‌ಷಿಪ್ ಮುಗಿಸಿದ ನಂತರ ಅವರು ಸ್ನಾತಕೋತ್ತರ ತರಬೇತಿ ಪಡೆಯುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಎಂ.ಡಿ. (ಅರಿವಳಿಕೆ ಶಾಸ್ತ್ರ): ವಿಶ್ವವಿದ್ಯಾಲಯ ನೀಡುವ ಮೂರು ವರ್ಷಗಳ ಪದವಿ.

ಡಿ.ಎನ್.ಬಿ.: ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ ನೀಡುವ ಮೂರು ವರ್ಷಗಳ ಪದವಿ.

ಡಿ.ಎ.: ಎರಡು ವರ್ಷಗಳ ಡಿಪ್ಲೊಮಾ.

ಹೃದಯ ಅಥವಾ ನರಮಂಡಲದ ಶಸ್ತ್ರಚಿಕಿತ್ಸೆಗಳಲ್ಲಿ ಪರಿಣತಿ ಬಯಸುವವರಿಗೆ ಇದರ ಮೇಲೆ ಡಿ.ಎಂ. ಪದವಿಯ ವ್ಯವಸ್ಥೆಯೂ ಇದೆ. 1947ರಲ್ಲಿ ಸ್ಥಾಪನೆಯಾದ ಭಾರತೀಯ ಅರಿವಳಿಕೆ ತಜ್ಞರ ಸಂಘ ಈ ಕ್ಷೇತ್ರದ ವೃತ್ತಿಪರ ಸಂಘಟನೆ. ಅದರ ಸದಸ್ಯತ್ವ ಗೌರವದ ವಿಷಯವೇ ಹೊರತು ವೃತ್ತಿ ನಡೆಸಲು ಬೇಕಾದ ಪರವಾನಗಿಯಲ್ಲ.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಯಂತ್ರೋಪಕರಣಗಳನ್ನು ಸಿದ್ಧಪಡಿಸುವ ಅರಿವಳಿಕೆ ತಂತ್ರಜ್ಞರು ವೈದ್ಯರಲ್ಲ. ಅವರು ತಜ್ಞರ ಮೇಲ್ವಿಚಾರಣೆಯಲ್ಲಿ ನೆರವಾಗುತ್ತಾರೆ. ಸ್ವತಂತ್ರವಾಗಿ ಅರಿವಳಿಕೆ ನೀಡುವಂತಿಲ್ಲ.

ತಜ್ಞರ ಕೊರತೆಯಿರುವ ಸರ್ಕಾರಿ ಆಸ್ಪತ್ರೆಗಳಿಗಾಗಿ ಮತ್ತೊಂದು ವ್ಯವಸ್ಥೆ ರೂಪುಗೊಂಡಿದೆ. ತುರ್ತು ಹೆರಿಗೆ ಚಿಕಿತ್ಸೆಗೆ ಅರಿವಳಿಕೆ ನೀಡಲು ಎಂಬಿಬಿಎಸ್ ವೈದ್ಯರಿಗೆ ‘ಜೀವರಕ್ಷಕ ಅರಿವಳಿಕೆ ಕೌಶಲ’ ಎಂಬ ಅಲ್ಪಾವಧಿ ತರಬೇತಿ ನೀಡಲಾಗುತ್ತದೆ. ಆರಂಭದಲ್ಲಿ ಇದರ ಅವಧಿ 18 ವಾರ. ತಾಯಿ-ಮಗುವಿನ ಜೀವ ಉಳಿಸುವ ಸೀಮಿತ ಉದ್ದೇಶದ ಈ ತರಬೇತಿ ತಜ್ಞ ಪದವಿಗೆ ಸಮಾನವಲ್ಲ.

ನೋಂದಣಿ

ಪದವಿ ಇದ್ದಮಾತ್ರಕ್ಕೆ ವೃತ್ತಿ ನಡೆಸಲು ಅವಕಾಶವಿಲ್ಲ, ನೋಂದಣಿ ಕಡ್ಡಾಯ. ರಾಜ್ಯದಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಹೊಣೆ ನಿರ್ವಹಿಸುತ್ತದೆ. ರಾಷ್ಟ್ರಮಟ್ಟದಲ್ಲಿ 2020ರ ಸೆಪ್ಟೆಂಬರ್ 25ರಂದು ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬಂದಿತು. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಆಯೋಗದ ಕಾಯ್ದೆಯಲ್ಲಿ ಅವಕಾಶವಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಂಬಿಬಿಎಸ್ ನೋಂದಣಿಯ ಬಳಿಕ ಪಡೆದ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಎ. ಅನ್ನು ‘ಹೆಚ್ಚುವರಿ ಅರ್ಹತೆ’ಯಾಗಿ ಪರಿಷತ್ತಿನಲ್ಲಿ ದಾಖಲಿಸಬೇಕು. ಆದ್ದರಿಂದ ಪರಿಶೀಲನೆ ನಡೆಸುವವರು ನೋಂದಣಿ ಸಂಖ್ಯೆಯನ್ನಷ್ಟೇ ನೋಡದೆ, ಅದರ ಮುಂದೆ ಅರಿವಳಿಕೆ ವಿಷಯದ ಅರ್ಹತೆ ನಮೂದಾಗಿದೆಯೇ ಎಂಬುದನ್ನೂ ನೋಡಬೇಕು. ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯಕೀಯ ದಾಖಲೆಯಲ್ಲಿ ವೈದ್ಯರ ಹೆಸರು ಅಥವಾ ಸಂಖ್ಯೆಯಿಂದ ಹುಡುಕಬಹುದು.

ವೃತ್ತಿ ನಡತೆ ಕುರಿತ 2002ರ ನಿಯಮಾವಳಿಯ ಪ್ರಕಾರ ವೈದ್ಯರು ಔಷಧ ಚೀಟಿ, ಪ್ರಮಾಣಪತ್ರ ಹಾಗೂ ಹಣದ ರಸೀದಿಗಳಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಆಯಾ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದವರು ತಮ್ಮನ್ನು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ.

ಸರ್ಕಾರಿ ಯೋಜನೆಯಲ್ಲಿ ಸ್ಥಾನ

ಅಮೆರಿಕದ ಹಿರಿಯ ನಾಗರಿಕರ ಸರ್ಕಾರಿ ವಿಮೆ ‘ಮೆಡಿಕೇರ್’ನಲ್ಲಿ ಪ್ರತಿಯೊಬ್ಬ ವೈದ್ಯರೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳುತ್ತಾರೆ. ಅರಿವಳಿಕೆ ತಜ್ಞರ ಶುಲ್ಕಕ್ಕೆ ಆಸ್ಪತ್ರೆಯ ಬಿಲ್ಲಿನಿಂದ ಬೇರೆಯಾದ ಲೆಕ್ಕವಿರುತ್ತದೆ. ಶಸ್ತ್ರಚಿಕಿತ್ಸೆಯ ಸ್ವರೂಪ ಮತ್ತು ತಗುಲಿದ ಸಮಯ ಎರಡನ್ನೂ ಪರಿಗಣಿಸಿ ಅದನ್ನು ನಿಗದಿಪಡಿಸಲಾಗುತ್ತದೆ. ಸಮಯವನ್ನು ಅಳೆಯುವುದು 15 ನಿಮಿಷಗಳ ಘಟಕಗಳಲ್ಲಿ.

ಭಾರತದ ಪದ್ಧತಿ ಇದಕ್ಕಿಂತ ಭಿನ್ನ. ಇಲ್ಲಿ ಯೋಜನೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಆಸ್ಪತ್ರೆ, ವೈದ್ಯರಲ್ಲ. 2018ರ ಮಾರ್ಚ್‌ನಲ್ಲಿ ಆರಂಭವಾದ ‘ಆರೋಗ್ಯ ಕರ್ನಾಟಕ’ ಯೋಜನೆಯು ಅದೇ ವರ್ಷ ಕೇಂದ್ರದ ‘ಆಯುಷ್ಮಾನ್ ಭಾರತ್’ನೊಂದಿಗೆ ವಿಲೀನಗೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಜಾರಿಗೊಳಿಸುತ್ತದೆ. ಜನರು ವಿಮೆ ಎಂದೇ ಕರೆದರೂ ನಡುವೆ ವಿಮಾ ಕಂಪನಿ ಇಲ್ಲ. ಆಸ್ಪತ್ರೆಗೆ ಹಣ ಪಾವತಿಸುವುದು ಟ್ರಸ್ಟ್.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಚಿಕಿತ್ಸೆಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ಆಸ್ಪತ್ರೆಯೊಂದು ಯೋಜನೆಗೆ ಸೇರುವಾಗ ತನ್ನ ಹಾಸಿಗೆ, ಸಲಕರಣೆಗಳ ಜೊತೆಗೆ ತಜ್ಞ ವೈದ್ಯರ ಅರ್ಹತೆಯ ವಿವರಗಳನ್ನೂ ಸಲ್ಲಿಸಬೇಕು. ಮಾನ್ಯತೆ ದೊರೆಯುವುದು ಚಿಕಿತ್ಸಾ ವಿಭಾಗವಾರು. ಒಂದು ವಿಭಾಗಕ್ಕೆ ಮಾನ್ಯತೆ ಇದೆಯೆಂದರೆ ಎಲ್ಲ ವಿಭಾಗಗಳಿಗೂ ಇದೆಯೆಂದು ಅರ್ಥವಲ್ಲ.

ಶುಲ್ಕ ಯಾರದು?

ರೋಗಿಗಳ ಕಡೆಯವರಿಗೆ ಗೊಂದಲ ಉಂಟಾಗುವುದು ಈ ಹಂತದಲ್ಲಿ. ಅನೇಕ ನರ್ಸಿಂಗ್ ಹೋಂಗಳಲ್ಲಿ ಅರಿವಳಿಕೆ ತಜ್ಞರು ಕಾಯಂ ಸಿಬ್ಬಂದಿಯಲ್ಲ. ಕರೆ ಬಂದಾಗ ಆಗಮಿಸುವ ಸಂದರ್ಶಕ ವೈದ್ಯರು. ಸ್ವಂತ ಖರ್ಚಿನ ಚಿಕಿತ್ಸೆಯಲ್ಲಿ ಅವರ ಶುಲ್ಕ ಬಿಲ್ಲಿನಲ್ಲಿ ಪ್ರತ್ಯೇಕ ಬಾಬ್ತಾಗಿ ಕಾಣಿಸಿಕೊಳ್ಳುವುದು ವಾಡಿಕೆ.

ಯೋಜನೆಯಡಿ ಹಾಗಲ್ಲ. ಪ್ಯಾಕೇಜ್ ದರದಲ್ಲಿ ಹಾಸಿಗೆ, ಶುಶ್ರೂಷೆ, ಶಸ್ತ್ರಚಿಕಿತ್ಸಾ ಕೊಠಡಿ, ಔಷಧ, ಆಮ್ಲಜನಕ, ಶಸ್ತ್ರಚಿಕಿತ್ಸಕರ ಶುಲ್ಕಗಳೊಂದಿಗೆ ಅರಿವಳಿಕೆ ಹಾಗೂ ಅರಿವಳಿಕೆ ತಜ್ಞರ ಶುಲ್ಕವೂ ಸೇರಿರುತ್ತದೆ. ‘ಡಾಕ್ಟರು ಹೊರಗಿನಿಂದ ಬಂದಿದ್ದಾರೆ, ಅವರ ಫೀಸು ಬೇರೆ’ ಎಂದು ಬಿಪಿಎಲ್ ರೋಗಿಯಿಂದ ಹಣ ಕೇಳಲು ಅವಕಾಶವಿಲ್ಲ. ತಜ್ಞರಿಗೆ ಎಷ್ಟು ನೀಡಬೇಕೆಂಬುದು ಅವರ ಮತ್ತು ಆಸ್ಪತ್ರೆಯ ನಡುವಿನ ವ್ಯವಹಾರ. ಎಪಿಎಲ್ ರೋಗಿಯು ಭರಿಸಬೇಕಾದುದು ಪ್ಯಾಕೇಜ್ ದರದಲ್ಲಿ ತನ್ನ ಪಾಲನ್ನು ಮಾತ್ರ. ಅರಿವಳಿಕೆಯ ಹೆಸರಿನಲ್ಲಿ ಹೆಚ್ಚುವರಿ ಮೊತ್ತವನ್ನಲ್ಲ.

ರೋಗಿಯ ಕಡೆಯವರು ಕೇಳಬೇಕಾದುದು

* ಅರಿವಳಿಕೆ ನೀಡುವವರ ಹೆಸರು, ಅರ್ಹತೆ ಮತ್ತು ನೋಂದಣಿ ಸಂಖ್ಯೆ ಏನು? ಶಸ್ತ್ರಚಿಕಿತ್ಸೆಗೆ ಮುನ್ನ ಅವರು ರೋಗಿಯನ್ನು ಪರೀಕ್ಷಿಸುವ ಸಂದರ್ಭವೇ ಇದಕ್ಕೆ ಸೂಕ್ತ.

* ನಿರ್ದಿಷ್ಟ ಚಿಕಿತ್ಸೆಗೆ ಆಸ್ಪತ್ರೆಗೆ ಮಾನ್ಯತೆ ಇದೆಯೇ? ಪೂರ್ವಾನುಮತಿ ದೊರೆತಿದೆಯೇ? ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ಮಾಹಿತಿ ನೀಡುತ್ತಾರೆ.

* ಹೆಚ್ಚುವರಿ ಹಣ ಕೇಳಿದರೆ ಅದಕ್ಕೆ ರಸೀದಿ ಕೇಳಬೇಕು. ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೆ ದೂರು ಸಲ್ಲಿಸಬಹುದು.

* ಚಿಕಿತ್ಸೆಯ ದಾಖಲೆಗಳನ್ನು ಕೋರಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಅರಿವಳಿಕೆಯ ದಾಖಲೆ ಪತ್ರವೂ ಅದರಲ್ಲಿರುವಂತೆ ನೋಡಿಕೊಳ್ಳಬೇಕು. ಯಾರು, ಯಾವ ಔಷಧವನ್ನು, ಯಾವ ಸಮಯಕ್ಕೆ ನೀಡಿದರೆಂಬುದಕ್ಕೆ ಅದೇ ಆಧಾರ.

ಆಸ್ಪತ್ರೆಯ ಗೋಡೆಯ ಮೇಲಿನ ಯೋಜನೆಯ ಫಲಕವು ಹಣ ಪಾವತಿಯ ಭರವಸೆಯಷ್ಟೇ. ವೈದ್ಯರ ಅರ್ಹತೆಗೆ ಪುರಾವೆ ದೊರೆಯುವುದು ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ. ಶಸ್ತ್ರಚಿಕಿತ್ಸೆಗೆ ಸಮ್ಮತಿಪತ್ರಕ್ಕೆ ಸಹಿ ಹಾಕುವ ಮುನ್ನ ಎರಡನ್ನೂ ಬೇರೆ ಬೇರೆಯಾಗಿ ಖಚಿತಪಡಿಸಿಕೊಳ್ಳುವುದು ಒಳಿತು.