ವಂಶದಲ್ಲಿ ಬರುವುದು ಕಾಯಿಲೆಯಲ್ಲ, ಒಲವು

ಕಳಸದ ಕಡೆ ಚಿತ್ರೀಕರಣಕ್ಕೆ ಹೋಗಿದ್ದಾಗ ತಾಯಿಯೊಬ್ಬರು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ. ಮಳೆ ಹಿಡಿದೊಡನೆ ಅವರಿಗೆ ಸೀನು, ಮೂಗು ಕಟ್ಟುವುದು, ಹಣೆಯಲ್ಲಿ ಭಾರ. ಮಗಳಿಗೂ ಅದೇ. "ನನ್ನಿಂದಲೇ ಇವಳಿಗೆ ಬಂತಲ್ಲ ಸಾರ್? ನಾಳೆ ಸಂಬಂಧ ನೋಡಲು ಬಂದವರು ಏನಂತಾರೆ?" ಎಂದರು.

ಓದುಗರೇ, ಇದು ಹಳೆಯ ಪ್ರಶ್ನೆ. 1819ರಲ್ಲಿ ಜಾನ್ ಬಾಸ್ಟಾಕ್ ಎಂಬ ವೈದ್ಯರು ಪ್ರತಿ ಬೇಸಿಗೆಯಲ್ಲಿ ತಮ್ಮನ್ನೇ ಕಾಡುತ್ತಿದ್ದ ಸೀನು, ಕಣ್ಣುರಿಗಳನ್ನು ಲಂಡನ್ನಿನ ವೈದ್ಯರ ಸಭೆಯಲ್ಲಿ ವಿವರಿಸಿದರು. ಇದಕ್ಕೆ ಹುಲ್ಲಿನ ಪರಾಗವೇ ಕಾರಣವೆಂದು ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1873ರ ಪುಸ್ತಕದಲ್ಲಿ ತೋರಿಸಿದರು. 1916ರಲ್ಲಿ ಅಮೆರಿಕದ ಕುಕ್ ಮತ್ತು ವ್ಯಾಂಡರ್ ವೀರ್ 504 ರೋಗಿಗಳ ಮನೆತನವನ್ನು ವಿಚಾರಿಸಿದಾಗ, ಸುಮಾರು ಅರ್ಧದಷ್ಟು ಮಂದಿಯ ಕುಟುಂಬದಲ್ಲಿ ಅಲರ್ಜಿಯ ತೊಂದರೆಯಿತ್ತು. ಆದರೆ ತಂದೆಗೆ ಒಗ್ಗದ ವಸ್ತುವೇ ಮಗನಿಗೂ ಒಗ್ಗದೆಂಬ ನಿಯಮವಿರಲಿಲ್ಲ. ವಂಶದಲ್ಲಿ ಬರುವುದು ಅಲರ್ಜಿಯ ಒಲವು ಮಾತ್ರವೆಂದು ಅವರು ತೀರ್ಮಾನಿಸಿದರು.

ಮುಂದಿನ ಸಂಶೋಧನೆ ಈ ಮಾತನ್ನು ಗಟ್ಟಿಮಾಡಿದೆ. 2007ರಲ್ಲಿ ಮಕ್ಕಳ ಉಬ್ಬಸಕ್ಕೂ 17ನೆಯ ವರ್ಣತಂತುವಿನ ಒಂದು ಭಾಗಕ್ಕೂ ಸಂಬಂಧ ಕಂಡಿತು. ಮೂಗಿನೊಳಗೆ ದುರ್ಮಾಂಸ ಬೆಳೆಯದಂತೆ ಬಹುಮಟ್ಟಿಗೆ ಕಾಯುವ ಅಪರೂಪದ ವಂಶವಾಹಿ ವ್ಯತ್ಯಾಸವೊಂದು 2019ರಲ್ಲಿ ಬೆಳಕಿಗೆ ಬಂತು. ಸಾಮಾನ್ಯ ಅಲರ್ಜಿಗೆ ಒಂದೇ ವಂಶವಾಹಿ ಕಾರಣವಲ್ಲ. ಹಲವು ಸೇರಿ ತಲಾ ಸ್ವಲ್ಪಸ್ವಲ್ಪ ಪ್ರಭಾವ ಬೀರುತ್ತವೆ. ದೀರ್ಘಕಾಲದ ಸೈನಸ್ ಉರಿಯೂತವೆಲ್ಲ ಅಲರ್ಜಿಯೂ ಅಲ್ಲ.

ಉಳಿದ ಪಾಲು ಪರಿಸರದ್ದು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಂತೆ, ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡಾ 9, 1999ರಲ್ಲಿ 29.5. ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ವಂಶವಾಹಿಗಳು ಇಷ್ಟು ಬದಲಾಗಲಾರವು.

ಮೂಡಿಗೆರೆಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ಗಿಡಕ್ಕೆ ಎಲೆ ತುಕ್ಕು ತಗಲುವ ಸ್ವಭಾವ ಬೀಜದಲ್ಲೇ ಇರಬಹುದು. ಆದರೂ ಎಲೆಯ ಮೇಲೆ ನೀರಿನ ಪಸೆ ನಿಲ್ಲದೆ ತುಕ್ಕಿನ ಕಣ ಮೊಳೆಯದು. ನಮ್ಮ ಮೂಗಿನ ಕಥೆಯೂ ಹಾಗೆಯೇ. ಒಲವಿದ್ದವರನ್ನು ಕೆಣಕುವುದು ಒದ್ದೆ ಗೋಡೆಯ ಬೂಷ್ಟು, ಬಿಸಿಲು ಕಾಣದ ಹಾಸಿಗೆಯ ಧೂಳುಹುಳು. ಒಲೆಯ ಹೊಗೆ ಬಾಧೆಯನ್ನು ಹೆಚ್ಚಿಸುತ್ತದೆ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಏಳುವ ಹಸಿ ಕಾಫಿಬೀಜದ ಧೂಳು ಕೆಲವು ಕೆಲಸಗಾರರಿಗೆ ಅಲರ್ಜಿ ತರುವುದೂ ಗೊತ್ತಿರುವ ಸಂಗತಿ.

ವಂಶವನ್ನು ಬದಲಿಸಲಾಗದು, ಹಾಸಿಗೆಯನ್ನು ಬಿಸಿಲಿಗೆ ಹಾಕಬಹುದು, ಗೋಡೆಯ ಪಸೆ ತಡೆಯಬಹುದು, ಧೂಳಿನ ಕೆಲಸದಲ್ಲಿ ಮೂಗು ಮುಚ್ಚಿಕೊಳ್ಳಬಹುದು. ಹನ್ನೆರಡು ವಾರ ಮೀರಿಯೂ ಮೂಗು ಕಟ್ಟಿಯೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ. ಮನೆಯಲ್ಲಿ ಬೇರೆ ಯಾರಿಗಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ಅದು ಚಿಕಿತ್ಸೆಗೆ ನೆರವಾಗುವ ಮಾಹಿತಿ.

ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: ಅಮ್ಮಾ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸೀನಿನ ಕಾರಣಕ್ಕೆ ಸಂಬಂಧ ಬಿಡುವ ಮನೆಯವರು ಮೊದಲು ತಮ್ಮ ಮನೆಯ ಗೋಡೆಯ ಬೂಷ್ಟನ್ನು ನೋಡಿಕೊಳ್ಳಲಿ.