ಸಂಸತ್ತಿಗೂ ಮೊದಲಿನ ಸಭಾಂಗಣ

ಮನಾಮಾದ ಗುದೈಬಿಯಾ ಬಡಾವಣೆಯ ಹೆಸರು ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ. ಬಹರೈನಿನ ಸಂಸತ್ತು ಇರುವುದೂ ಅಲ್ಲೇ. 2006ರ ಚುನಾವಣೆಯಲ್ಲಿ ಅಲ್ಲಿನ ಕೆಳಮನೆಯ 40 ಸ್ಥಾನಗಳಲ್ಲಿ 17 ಶಿಯಾಗಳ ಅಲ್ ವೆಫಾಕ್ ಸಂಘದ ಪಾಲಾದವು. ಎದುರಿಗೆ ಸುನ್ನಿಗಳ ಅಲ್ ಅಸಾಲಾ, ಅಲ್ ಮಿನ್ಬರ್ ಸಂಘಗಳಿದ್ದವು. ಒಂದೇ ಧರ್ಮದವರು ಪಂಥದ ಗೆರೆ ಎಳೆದುಕೊಂಡು ಕೂತದ್ದನ್ನು ಕಂಡವರಿಗೆ, ಧಾರ್ಮಿಕ ಸಂಸ್ಥೆಗಳಿಂದ ಜಗಳ ಹುಟ್ಟೀತೇ ಹೊರತು ರಾಜಿಯಾಗದು ಅನ್ನಿಸಿದರೆ ಸಹಜವೇ. ಆದರೆ ಅದೇ ದ್ವೀಪದ 1954ರ ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ.

1953ರ ಸೆಪ್ಟೆಂಬರ್‌ನಲ್ಲಿ ಮನಾಮಾದ ಮೊಹರಂ ಮೆರವಣಿಗೆಯಲ್ಲಿ ಶಿಯಾ-ಸುನ್ನಿ ಹೊಡೆದಾಟ ಶುರುವಾಯಿತು. ಮರುವರ್ಷದ ಜುಲೈನಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಶಿಯಾಗಳು ಸತ್ತರು. ಇಷ್ಟಾದ ಮೇಲೂ ಎರಡೂ ಕಡೆಯವರನ್ನು ಹತ್ತಿರ ತಂದದ್ದು ಬಾಡಿಗೆ ಕಾರಿನ ವಿಮೆ! ಕಡ್ಡಾಯ ವಿಮೆಯ ಹೊರೆಗೆ ರೋಸಿ ಚಾಲಕರು ಮುಷ್ಕರ ಹೂಡಿದಾಗ, ಸುನ್ನಿ ಮುಖಂಡ ಅಬ್ದುಲ್ ರಹಮಾನ್ ಅಲ್ ಬಾಕಿರ್ ಆ ಚಾಲಕರಿಗಾಗಿ ಸಹಕಾರಿ ಪರಿಹಾರ ನಿಧಿ ಕಟ್ಟಿದರು. ಅಕ್ಟೋಬರ್‌ನಲ್ಲಿ ಸನಾಬಿಸ್ ಹಳ್ಳಿಯ ಮಾತಂನಲ್ಲಿ, ಅಂದರೆ ಶಿಯಾಗಳು ಇಮಾಮ್ ಹುಸೇನರ ಶೋಕಾಚರಣೆ ನಡೆಸುವ ಸಭಾಂಗಣದಲ್ಲಿ (ನಮ್ಮ ಆಶೂರಖಾನೆಯ ಬಂಧುವೆನ್ನಿ), ಎರಡೂ ಪಂಥದವರು ಸೇರಿದರು. 120 ಜನರ ಮಹಾಸಭೆಯೂ ಎಂಟು ಜನರ ಉನ್ನತ ಕಾರ್ಯಕಾರಿ ಸಮಿತಿಯೂ ರೂಪುಗೊಂಡವು; ಸಮಿತಿಯಲ್ಲಿ ನಾಲ್ವರು ಸುನ್ನಿ, ನಾಲ್ವರು ಶಿಯಾ. ಚುನಾಯಿತ ಶಾಸನಸಭೆ, ಎಲ್ಲರಿಗೂ ಒಂದೇ ಕಾನೂನು ಸಂಹಿತೆ, ಕಾರ್ಮಿಕ ಸಂಘದ ಹಕ್ಕು ಅವರ ಬೇಡಿಕೆಗಳು.

ಅದು ರಾಷ್ಟ್ರೀಯವಾದಿಗಳ ಸಮಿತಿ, ಇಸ್ಲಾಮಿಕ್ ಸಂಘಟನೆಯಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ಮುಂದಾಳುಗಳ ಕಣ್ಣು ಈಜಿಪ್ಟಿನ ನಾಯಕ ನಾಸೆರ್ ಮೇಲಿತ್ತು. ಆದರೆ ಚುನಾಯಿತ ಶಾಸನಸಭೆಯಾಗಲಿ ಕಾರ್ಮಿಕ ಸಂಘವಾಗಲಿ ಇಲ್ಲದ ನಾಡಿನಲ್ಲಿ ನೂರಾರು ಜನ ಒಟ್ಟಿಗೆ ಕೂರಲು ಇದ್ದ ತಾವು ಮಸೀದಿ ಮತ್ತು ಮಾತಂ. ಮೆರವಣಿಗೆ ಹೊರಡಿಸಿ ರೂಢಿಯಾದ ಮಾತಂಗಳಿಗೆ ಜನರನ್ನು ಸೇರಿಸುವ ವಿದ್ಯೆ ಗೊತ್ತಿತ್ತು, ಕೈಯಲ್ಲಿ ವಕ್ಫ್ ಆಸ್ತಿಯೂ ಇತ್ತು. ಮೆರವಣಿಗೆಯಿಂದಲೇ ಅಲ್ಲವೇ 1953ರ ಜಗಳ ಹತ್ತಿದ್ದು ಎಂದರೆ, ಹೌದು. ಅದಕ್ಕೇ ಸುನ್ನಿಗಳು ಸನಾಬಿಸ್‌ನ ಮಾತಂಗೆ ಬಂದು ಕೂತದ್ದು ಯಾವ ಭಾಷಣಕ್ಕಿಂತಲೂ ಭಾರವಾದ ಸಂಗತಿ. ಆದರೆ ಇಂಥ ರಾಜಿಗೆ ಒಂದು ಷರತ್ತು ಇತ್ತು: ಜಾಗ ಒಂದು ಪಂಥದ್ದು, ಸಮಿತಿ ಇಬ್ಬರದು. ಗುದೈಬಿಯಾದ ಸದನದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಜಾಗ ಎಲ್ಲರದು, ಸಂಘಗಳು ಮಾತ್ರ ಒಂದೊಂದು ಪಂಥದವು.

ಹಾಗಾದರೆ 1954ರ ಏರ್ಪಾಡು ಎರಡೇ ವರ್ಷದಲ್ಲಿ ಮುರಿದದ್ದೇಕೆ? ಪಂಥದ ಜಗಳದಿಂದ ಮುರಿಯಲಿಲ್ಲ. 1956ರ ಮಾರ್ಚ್‌ನಲ್ಲಿ ಆಡಳಿತ ಅದನ್ನು ರಾಷ್ಟ್ರೀಯ ಐಕ್ಯ ಸಮಿತಿ ಎಂಬ ಹೊಸ ಹೆಸರಿನಲ್ಲಿ ಮಾನ್ಯ ಮಾಡಿತು. ನವೆಂಬರ್‌ನಲ್ಲಿ, ಈಜಿಪ್ಟಿನ ಮೇಲಿನ ಸೂಯೆಜ್ ದಾಳಿಯ ವಿರುದ್ಧ ಬೀದಿ ಹೊತ್ತಿ ಉರಿದಾಗ, ಮುಖಂಡರನ್ನು ಹಿಡಿಯಿತು. ಸುನ್ನಿಗಳಾದ ಅಲ್ ಬಾಕಿರ್, ಅಬ್ದುಲ್ ಅಜೀಜ್ ಅಲ್ ಶಮ್ಲಾನ್ ಮತ್ತು ಶಿಯಾ ಮುಖಂಡ ಅಬ್ದ್ ಅಲಿ ಅಲ್ ಅಲೈವಾತ್ ಒಟ್ಟಿಗೇ ಸೇಂಟ್ ಹೆಲೆನಾ ದ್ವೀಪದ ಸೆರೆಗೆ ಹೋದರು, 1961ರಲ್ಲಿ ಬಿಡುಗಡೆಯಾದರು. ಮುಂದಿನ ಕಾಲದಲ್ಲೂ ಕಟ್ಟಳೆ ಬಂದದ್ದು ಮೇಲಿನಿಂದಲೇ. 2011ರಲ್ಲಿ ಆಡಳಿತದ ದಮನವನ್ನು ಪ್ರತಿಭಟಿಸಿ ಅಲ್ ವೆಫಾಕ್‌ನ 18 ಸದಸ್ಯರು ಸದನ ಬಿಟ್ಟರು, 2016ರಲ್ಲಿ ಕೋರ್ಟು ಆ ಸಂಘವನ್ನೇ ವಿಸರ್ಜಿಸಿತು, 2018ರ ಕಾನೂನು ವಿಸರ್ಜಿತ ಸಂಘಗಳ ಸದಸ್ಯರು ಚುನಾವಣೆಗೆ ನಿಲ್ಲುವುದನ್ನು ನಿಷೇಧಿಸಿತು.